ಗೋಲ್ಡ್ ಕೋಸ್ಟ್, 1949–51: ಇಪ್ಪತ್ತು ತಿಂಗಳಲ್ಲಿ ಸರ್ಕಾರ ಹಿಡಿದ ಪಕ್ಷ

1951ರ ಫೆಬ್ರವರಿ 8ರಂದು ಬ್ರಿಟಿಷರ ವಸಾಹತಾಗಿದ್ದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಮತದಾನ ನಡೆಯಿತು. ರಾಜಧಾನಿ ಅಕ್ರಾದಲ್ಲಿ ಚಲಾವಣೆಯಾದ 23,122 ಮತಗಳಲ್ಲಿ 22,780 ಮತಗಳು ಕ್ವಾಮೆ ಎನ್‌ಕ್ರುಮಾ ಅವರಿಗೆ ಬಿದ್ದವು. ಆ ಹೊತ್ತಿಗೆ ಅವರು ಅದೇ ಊರಿನ ಜೇಮ್ಸ್ ಫೋರ್ಟ್ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದರು. ಅವರ ಕನ್ವೆನ್ಷನ್ ಪೀಪಲ್ಸ್ ಪಾರ್ಟಿಗೆ (ಸಿಪಿಪಿ) ಆಗ ಬರೀ ಇಪ್ಪತ್ತು ತಿಂಗಳ ವಯಸ್ಸು.

ಈ ಗೆಲುವನ್ನು ಒಬ್ಬ ಮಾತುಗಾರನ ವರ್ಚಸ್ಸಿನ ಕಥೆಯಾಗಿ ಹೇಳುವುದು ರೂಢಿ. ವರ್ಚಸ್ಸು ಇದ್ದದ್ದು ನಿಜ. ಆದರೆ ಸ್ವರಾಜ್ಯದ ಅದೇ ಬೇಡಿಕೆಯನ್ನು ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್ ಎಂಬ ಇನ್ನೊಂದು ಪಕ್ಷವೂ ಇಟ್ಟುಕೊಂಡಿತ್ತು. ಅದರಲ್ಲಿ ಹೆಚ್ಚು ಓದಿದವರಿದ್ದರು, ಹೆಚ್ಚು ಹಣವಂತರಿದ್ದರು, ಎರಡು ವರ್ಷ ಮೊದಲೇ ಹುಟ್ಟಿದ ಅನುಕೂಲವೂ ಇತ್ತು. ಅದು ಸೋತು ಇದು ಗೆದ್ದದ್ದೇಕೆ ಎಂದು ನೋಡಹೊರಟರೆ ಉತ್ತರ ಭಾಷಣದ ವೇದಿಕೆಗಿಂತ ಶಾಖೆಯ ದಫ್ತರದಲ್ಲಿ, ಮತದಾರರ ಪಟ್ಟಿಯಲ್ಲಿ, ನಾಮಪತ್ರದಲ್ಲಿ ಹೆಚ್ಚು ಸಿಗುತ್ತದೆ.

ಹಿನ್ನೆಲೆ: ಒಂದು ಸಂವಿಧಾನ, ಒಂದು ರೋಗ, ಒಂದು ಬಹಿಷ್ಕಾರ

1946ರಲ್ಲಿ ಗವರ್ನರ್ ಅಲನ್ ಬರ್ನ್ಸ್ ತಂದ ಸಂವಿಧಾನವನ್ನು ಲಂಡನ್ನಿನವರು ದೊಡ್ಡ ಉದಾರತೆ ಎಂದುಕೊಂಡಿದ್ದರು. ಶಾಸನ ಸಭೆಯಲ್ಲಿ ಮೊದಲ ಬಾರಿಗೆ ಆಫ್ರಿಕನ್ನರಿಗೆ ಬಹುಮತ ಸಿಕ್ಕಿತ್ತು. ಲೆಕ್ಕ ಬಿಡಿಸಿ ನೋಡಿದರೆ ಚಿತ್ರ ಬೇರೆ. ಚುನಾಯಿತ ಸ್ಥಾನಗಳು 18. ಅವುಗಳಲ್ಲಿ 13 ಸ್ಥಾನ ಚೀಫ್‌ಗಳ, ಅಂದರೆ ಪರಂಪರೆಯಿಂದ ಬಂದ ನಾಡಮುಖ್ಯಸ್ಥರ, ಪರಿಷತ್ತುಗಳ ಕೈಯಲ್ಲಿತ್ತು: ಕರಾವಳಿ ಭಾಗದ ಪರಿಷತ್ತಿಗೆ 9, ಒಳನಾಡಿನ ಅಶಾಂತಿ ಎಂಬ ಪ್ರಾಂತ್ಯದ ಪರಿಷತ್ತಿಗೆ 4. ಊರಿನ ಜನ ನೇರವಾಗಿ ಆರಿಸಬಹುದಾಗಿದ್ದದ್ದು ಪಟ್ಟಣಗಳ 5 ಸ್ಥಾನಗಳನ್ನು ಮಾತ್ರ. ಉತ್ತರದ ಪ್ರಾಂತ್ಯಕ್ಕೆ ಒಂದೂ ಇಲ್ಲ. ಕಾರ್ಯಾಂಗವಂತೂ ಪೂರ್ತಿ ಗವರ್ನರರದೇ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಇದ್ದೂ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ಏಕೆ ನಡೆಯಿತು ಎಂಬುದನ್ನು ಬಲ್ಲವರಿಗೆ ಈ ಅಸಮಾಧಾನವನ್ನು ಬಿಡಿಸಿ ಹೇಳಬೇಕಿಲ್ಲ.

ಹಳ್ಳಿಗಾಡಿನ ಸಿಟ್ಟು ಬೇರೆ ಕಡೆಯಿಂದ ಬಂತು. ದೇಶದ ಆದಾಯದ ಬೆನ್ನೆಲುಬು ಕೋಕೋ. ಅದಕ್ಕೆ ಹಿಟ್ಟು ತಿಗಣೆಯಿಂದ ಹರಡುವ ವೈರಸ್ ರೋಗ ತಗುಲಿತ್ತು. ಚಿಗುರು ಊದಿಕೊಂಡು ಮರ ಕೆಲವು ವರ್ಷಗಳಲ್ಲಿ ಸಾಯುತ್ತಿತ್ತು. ಗೊತ್ತಿದ್ದ ಮದ್ದು ಒಂದೇ: ರೋಗ ತಗುಲಿದ ಮರವನ್ನೂ ಅದಕ್ಕೆ ತಾಗಿದ ಮರಗಳನ್ನೂ ಕಡಿದುಹಾಕುವುದು. ಕೃಷಿ ಇಲಾಖೆಯ ವಿಜ್ಞಾನ ಸರಿಯಾಗಿಯೇ ಇತ್ತು. ಎಡವಿದ್ದು ಬೆಳೆಗಾರನ ಲೆಕ್ಕಾಚಾರ ಅರ್ಥವಾಗದೆ. ರೋಗದ ಮರವೂ ಸಾಯುವವರೆಗೆ ಕಾಯಿ ಕೊಡುತ್ತದೆ, ಹೊಸ ಸಸಿ ಫಸಲಿಗೆ ಬರಲು ನಾಲ್ಕೈದು ವರ್ಷ ಬೇಕು, ಅದೂ ಯುದ್ಧಾನಂತರ ಬೆಲೆ ಏರುತ್ತಿದ್ದ ಕಾಲ. ದಕ್ಷಿಣ ಕನ್ನಡದಲ್ಲಿ ಅಡಿಕೆಯ ನಡುವೆ ಕೋಕೋ ಬೆಳೆಯುವವರಿಗೂ ಈ ಲೆಕ್ಕ ತಟ್ಟನೆ ಹೊಳೆಯುತ್ತದೆ: ಕಾಯಿ ಬಿಟ್ಟ ಮರಕ್ಕೆ ಸರ್ಕಾರದ ಆಳು ಕತ್ತಿ ಹಾಕಿದರೆ ನೋಡುತ್ತ ನಿಲ್ಲುವ ಬೆಳೆಗಾರ ಯಾರು? ಪರಿಹಾರವೂ ಅಲ್ಪ. ಬಿಳಿಯರ ಕಂಪನಿಗಳಿಗೆ ಅನುಕೂಲ ಮಾಡಲೆಂದೇ ತೋಟ ಹಾಳು ಮಾಡುತ್ತಿದ್ದಾರೆ ಎಂಬ ಗುಮಾನಿ ಹಳ್ಳಿಹಳ್ಳಿಗೂ ಹಬ್ಬಿತು.

ಪಟ್ಟಣಗಳಲ್ಲಿ ಬೆಲೆಯೇರಿಕೆಯ ಬಿಸಿ. ಆಮದು ಬಟ್ಟೆ, ಡಬ್ಬಿ ಮೀನು ಮುಂತಾದ ಸರಕಿನ ವ್ಯಾಪಾರ ಯುನೈಟೆಡ್ ಆಫ್ರಿಕಾ ಕಂಪನಿಯಂಥ ಕೆಲವೇ ಯುರೋಪಿಯನ್ ಸಂಸ್ಥೆಗಳ ಹಿಡಿತದಲ್ಲಿತ್ತು. ಅಕ್ರಾದ ಮುಖ್ಯಸ್ಥರಲ್ಲೊಬ್ಬರಾದ ನೀ ಕ್ವಾಬೆನಾ ಬೊನ್ನೆ 1948ರ ಜನವರಿ ಕೊನೆಯಲ್ಲಿ ಈ ಸರಕಿನ ಬಹಿಷ್ಕಾರಕ್ಕೆ ಕರೆ ಕೊಟ್ಟರು. ತಿಂಗಳೊಪ್ಪತ್ತು ನಡೆದ ಬಹಿಷ್ಕಾರ ಒಪ್ಪಂದದಲ್ಲಿ ಮುಗಿಯಿತು; ಲಾಭಾಂಶವನ್ನು ಶೇ. 75ರಿಂದ ಶೇ. 50ಕ್ಕೆ ಇಳಿಸಲು ಕಂಪನಿಗಳು ಒಪ್ಪಿದವು. ಫೆಬ್ರವರಿ 28ರ ಶನಿವಾರ ಜನ ಅಂಗಡಿಗೆ ಹೋಗಿ ನೋಡಿದರೆ ಬೆಲೆ ಅರ್ಧಕ್ಕೆ ಇಳಿದಿರಲಿಲ್ಲ. ಲಾಭಾಂಶದ ಇಳಿಕೆಯನ್ನು ಜನ ಬೆಲೆಯ ಇಳಿಕೆ ಎಂದುಕೊಂಡಿದ್ದರು.

ಅದೇ ದಿನ ಮಧ್ಯಾಹ್ನ ಮಾಜಿ ಸೈನಿಕರು ಗವರ್ನರರಿಗೆ ಅರ್ಜಿ ಕೊಡಲು ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯತ್ತ ಹೊರಟರು. ಬರ್ಮಾದಲ್ಲಿ ಜಪಾನಿಯರ ವಿರುದ್ಧ ಕಾದಾಡಿ ಬಂದವರು ಅವರಲ್ಲಿದ್ದರು. ಪಿಂಚಣಿ, ಕೆಲಸ ಎಂದು ಕೊಟ್ಟ ಮಾತು ಈಡೇರಿರಲಿಲ್ಲ. ಅನುಮತಿ ಪಡೆದ ದಾರಿ ಬಿಟ್ಟು ಕೋಟೆಯ ಅಡ್ಡರಸ್ತೆಗೆ ಬಂದಾಗ ಪೊಲೀಸ್ ಸೂಪರಿಂಟೆಂಡೆಂಟ್ ಕಾಲಿನ್ ಇಮ್ರೇ ಗುಂಡು ಹಾರಿಸಿದರು. ಸಾರ್ಜೆಂಟ್ ಅಜೆಟೆ, ಕಾರ್ಪೊರಲ್ ಅಟಿಪೋ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟೆ ಸತ್ತರು. ಸುದ್ದಿ ಪೇಟೆಗೆ ಮುಟ್ಟುವಾಗ ಅಲ್ಲಿ ಮೊದಲೇ ಬೆಲೆಯ ಸಿಟ್ಟಿನ ಜನ ನೆರೆದಿದ್ದರು. ಗಲಭೆ ಕುಮಾಸಿಯಂಥ ಇತರ ಪಟ್ಟಣಗಳಿಗೂ ಹರಡಿ 29 ಜನ ಸತ್ತರು, 237 ಜನ ಗಾಯಗೊಂಡರು.

ಮೊದಲ ಪಕ್ಷ ಎಲ್ಲಿ ತಪ್ಪಿತು

ಯುನೈಟೆಡ್ ಗೋಲ್ಡ್ ಕೋಸ್ಟ್ ಕನ್ವೆನ್ಷನ್ (ಯುಜಿಸಿಸಿ) 1947ರ ಆಗಸ್ಟ್ 4ರಂದು ಸಾಲ್ಟ್‌ಪಾಂಡ್‌ನಲ್ಲಿ ಹುಟ್ಟಿತ್ತು. ಹಣ ಕೊಟ್ಟವರು ಮರದ ವ್ಯಾಪಾರಿ ಜಾರ್ಜ್ ಗ್ರಾಂಟ್. ಬುದ್ಧಿ ಕೊಟ್ಟವರು ವಕೀಲ ಜೆ. ಬಿ. ಡಾಂಕ್ವಾ. ನಾಯಕರೆಲ್ಲ ಹೆಚ್ಚುಕಡಿಮೆ ವಕೀಲರು, ವರ್ತಕರು. ವೃತ್ತಿ ಬಿಟ್ಟು ಪಕ್ಷಕ್ಕೇ ದುಡಿಯುವವರು ಯಾರೂ ಇರಲಿಲ್ಲ. ಆದ್ದರಿಂದಲೇ ಲಂಡನ್ನಿನಲ್ಲಿದ್ದ ಎನ್‌ಕ್ರುಮಾ ಅವರನ್ನು ಪೂರ್ಣಾವಧಿ ಪ್ರಧಾನ ಕಾರ್ಯದರ್ಶಿಯಾಗಿ ಕರೆಸಿಕೊಂಡರು. 1947ರ ಡಿಸೆಂಬರಿನಲ್ಲಿ ಬಂದಿಳಿದ ಅವರಿಗೆ ತಿಂಗಳಿಗೆ 25 ಪೌಂಡ್ ಸಂಬಳ ನಿಗದಿಯಾಯಿತು. ದಾಖಲೆಯಲ್ಲಿ 13 ಶಾಖೆಗಳಿದ್ದವು. ಹುಡುಕಿದಾಗ ಒಂದೆರಡು ಮಾತ್ರ ಕಂಡವು, ಅವೂ ನಿಂತುಹೋಗಿದ್ದವು ಎಂದು ಎನ್‌ಕ್ರುಮಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೇಳಿದವರು ಮುಂದೆ ಎದುರಾಳಿಯಾದವರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಅಂಕಿಯನ್ನು ಓದಬೇಕು. ಅವರು ಬಂದಮೇಲೆ ಶಾಖೆಗಳು ವೇಗವಾಗಿ ಬೆಳೆದವು ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಗಲಭೆಯ ನಂತರ ಸರ್ಕಾರ ಯುಜಿಸಿಸಿಯ ಆರು ನಾಯಕರನ್ನು ಬಂಧಿಸಿ ಉತ್ತರಕ್ಕೆ ಸಾಗಿಸಿತು. ಗಲಭೆಯನ್ನು ಅವರು ಯೋಜಿಸಿರಲಿಲ್ಲ. ಬಂಧನದಿಂದ ಅದರ ಕೀರ್ತಿ ಅವರದಾಯಿತು. ತನಿಖೆಗೆ ಬಂದ ವಾಟ್ಸನ್ ಆಯೋಗ, ಬರ್ನ್ಸ್ ಸಂವಿಧಾನ ಹುಟ್ಟುವಾಗಲೇ ಹಳತಾಗಿತ್ತು ಎಂದು ಹೇಳಿ ಹೊಸ ಸಂವಿಧಾನಕ್ಕೆ ಶಿಫಾರಸು ಮಾಡಿತು. ಅದನ್ನು ರೂಪಿಸಲು ನ್ಯಾಯಮೂರ್ತಿ ಹೆನ್ಲಿ ಕೂಸಿ ಅವರ ಅಧ್ಯಕ್ಷತೆಯಲ್ಲಿ ಪೂರ್ತಿ ಆಫ್ರಿಕನ್ನರ ಸಮಿತಿ ನೇಮಕವಾಯಿತು. ಬಂಧಿತರಾಗಿದ್ದ ಆರರಲ್ಲಿ ಐವರಿಗೆ ಅದರಲ್ಲಿ ಜಾಗ ಸಿಕ್ಕಿತು. ಎನ್‌ಕ್ರುಮಾ ಅವರನ್ನು ಮಾತ್ರ ಹೊರಗಿಟ್ಟರು.

ಇಡೀ ಪ್ರಕರಣದ ತಿರುವು ಇದೇ ಎಂದು ನಮ್ಮ ಅಭಿಪ್ರಾಯ. ಸಮಿತಿಗೆ ಹೋದವರ ಬಾಯಿ 1949ರ ಬಹುಭಾಗ ಕಟ್ಟಿಹೋಯಿತು. ತಾವೇ ಬರೆಯುತ್ತಿರುವ ಕರಡನ್ನು ಹೊರಗೆ ನಿಂತು ಬೈಯುವಂತಿಲ್ಲ, ಬರೆದಮೇಲೆ ಸಮರ್ಥಿಸದೆ ಇರುವಂತಿಲ್ಲ. ಹೊರಗುಳಿದವನಿಗೆ ಆ ತೊಡಕಿಲ್ಲ. ಅವರನ್ನು ದೂರವಿಟ್ಟು ಬಲಗುಂದಿಸಬೇಕು ಎಂದುಕೊಂಡ ಸರ್ಕಾರ, ಬಯಲನ್ನೆಲ್ಲ ಅವರೊಬ್ಬರಿಗೇ ಬಿಟ್ಟುಕೊಟ್ಟಂತಾಯಿತು.

ಪಕ್ಷ ಕಟ್ಟಿದ ಬಗೆ

ಸಿಪಿಪಿಯ ಘೋಷಣೆ 1949ರ ಜೂನ್ 12ರಂದು, ಅಕ್ರಾದ ಅರೀನಾ ಮೈದಾನದಲ್ಲಿ, ಸುಮಾರು 60 ಸಾವಿರ ಜನರೆದುರು ಆಯಿತು. ತಯಾರಿ ಒಂದು ವರ್ಷ ಮುಂಚಿನಿಂದಲೇ ನಡೆದಿತ್ತು. 1948ರ ಜುಲೈನಲ್ಲಿ, ಮುಷ್ಕರ ಮಾಡಿ ಶಾಲೆಯಿಂದ ಹೊರಬಿದ್ದ ಹುಡುಗರಿಗಾಗಿ ಕೇಪ್ ಕೋಸ್ಟ್‌ನಲ್ಲಿ ಘಾನಾ ಕಾಲೇಜು ಎಂಬ ಶಾಲೆ ತೆರೆದರು. ಶುರುವಾದದ್ದು ಹತ್ತು ವಿದ್ಯಾರ್ಥಿಗಳಿಂದ. ಸೆಪ್ಟೆಂಬರ್ 3ರಂದು 'ಅಕ್ರಾ ಈವ್ನಿಂಗ್ ನ್ಯೂಸ್' ಪತ್ರಿಕೆ ಹೊರಟಿತು. ಆಮೇಲೆ ಸೆಕೊಂಡಿಯಲ್ಲಿ, ಕೇಪ್ ಕೋಸ್ಟ್‌ನಲ್ಲಿ ಒಂದೊಂದು ಪತ್ರಿಕೆ. ಇವುಗಳ ಜೊತೆಗೆ ಯುಜಿಸಿಸಿಯ ಹೊಟ್ಟೆಯೊಳಗೇ ಯುವಜನ ಸಂಘಟನಾ ಸಮಿತಿ, ಕೆ. ಎ. ಗ್ಬೆಡೆಮಾ ಅಧ್ಯಕ್ಷರು, ಕೊಜೋ ಬೊಟ್ಸಿಯೊ ಕಾರ್ಯದರ್ಶಿ. ಹೊಸ ಪಕ್ಷಕ್ಕೆ ಬೇಕಾದ ಮೂರೂ ಅಂಗ, ಅಂದರೆ ಕಾರ್ಯಕರ್ತರು, ಪತ್ರಿಕೆ, ಶಾಖೆಗಳ ಜಾಲ, ಒಡೆಯುವ ಮೊದಲೇ ಸಿದ್ಧವಾಗಿದ್ದವು.

ಪತ್ರಿಕೆ ಕೆಲಸ ಮಾಡುತ್ತಿದ್ದ ರೀತಿಯನ್ನು ಗಮನಿಸಬೇಕು. ಓದು ಬಲ್ಲವರು ಕಡಿಮೆ. ಓದಬಲ್ಲ ಹುಡುಗನೊಬ್ಬ ಪೇಟೆಯಲ್ಲೋ ಲಾರಿ ನಿಲ್ದಾಣದಲ್ಲೋ ಗಟ್ಟಿಯಾಗಿ ಓದಿ ಊರ ಭಾಷೆಯಲ್ಲಿ ಹೇಳುತ್ತಿದ್ದ. ಆದ್ದರಿಂದ ಬರಹಗಳು ಚಿಕ್ಕವು, ಖಾರವಾದವು, ಹೆಸರು ಹಿಡಿದು ಬೈಯುವಂಥವು. ಇದರ ಬೆಲೆಯೂ ಬಂತು: ಅಧಿಕಾರಿಗಳಿಂದ ಮಾನನಷ್ಟ ಮೊಕದ್ದಮೆಗಳು ಸಾಲುಗಟ್ಟಿದವು. ದಂಡದ ಹಣ ಕಟ್ಟಲು ಜನರಿಂದ ಚಂದಾ ಎತ್ತಿದರು. ಚಂದಾ ಕೊಟ್ಟವನು ಪಕ್ಷದವನಾದ. ಮೊಕದ್ದಮೆಯೇ ಸದಸ್ಯತ್ವದ ಅಭಿಯಾನವಾಗಿಬಿಟ್ಟಿತು.

ಕಾರ್ಯಕರ್ತರೆಂದರೆ ಏಳನೆಯ ತರಗತಿ ಮುಗಿಸಿದವರು: ಗುಮಾಸ್ತರು, ಪ್ರಾಥಮಿಕ ಶಾಲೆ ಮೇಷ್ಟ್ರುಗಳು, ಅಂಗಡಿ ಸಹಾಯಕರು, ಲಾರಿ ಚಾಲಕರು. ಸ್ವಂತ ಕೋಣೆಯಿಲ್ಲದೆ ಅವರಿವರ ಮನೆ ಜಗಲಿಯಲ್ಲಿ ಮಲಗುವವರು ಎಂದು ಎದುರಾಳಿಗಳು ಅವರನ್ನು 'ವೆರಾಂಡಾ ಬಾಯ್ಸ್' ಎಂದು ಹೀಗಳೆದರು. ಅವರು ಅದನ್ನೇ ಬಿರುದಾಗಿ ತೊಟ್ಟುಕೊಂಡರು. ಲಾರಿ ಚಾಲಕನೊಬ್ಬ ಪಕ್ಷಕ್ಕೆ ಸೇರಿದರೆ ಅವನ ದಾರಿಯುದ್ದದ ಊರುಗಳಿಗೆಲ್ಲ ಕರಪತ್ರ ಪುಕ್ಕಟೆ ತಲುಪುತ್ತಿತ್ತು. ಪೇಟೆಯ ವ್ಯಾಪಾರಿ ಹೆಂಗಸರ ಪಾತ್ರ ಇನ್ನೂ ದೊಡ್ಡದು. ಚಿಲ್ಲರೆ ವ್ಯಾಪಾರ ಅವರ ಕೈಯಲ್ಲಿತ್ತು, ಓಡಾಡುವ ಹಣವೂ ಅವರ ಕೈಯಲ್ಲಿತ್ತು. ಹಾನಾ ಕುಜೋ, ಲೆಟಿಷಿಯಾ ಕ್ವೇ ಅವರಂಥ ಸಂಘಟಕಿಯರು ಊರೂರು ಸುತ್ತಿ ಮಹಿಳಾ ಶಾಖೆ ತೆರೆದರು. ಯುಜಿಸಿಸಿಯ ಸಭೆಗಳಲ್ಲಿ ಈ ಜನಕ್ಕೆ ಕುರ್ಚಿಯೇ ಇರಲಿಲ್ಲ.

ಬೇಡಿಕೆಯಲ್ಲಿದ್ದ ವ್ಯತ್ಯಾಸವೂ ಸಣ್ಣದು, ಪರಿಣಾಮ ಮಾತ್ರ ದೊಡ್ಡದು. ಯುಜಿಸಿಸಿ ಕೇಳಿದ್ದು 'ಸಾಧ್ಯವಾದಷ್ಟು ಬೇಗ' ಸ್ವರಾಜ್ಯ. ಸಿಪಿಪಿ ಕೇಳಿದ್ದು 'ಈಗಲೇ'. ಮೊದಲನೆಯದನ್ನು ವಿವರಿಸಲು ವಕೀಲ ಬೇಕು, ಎರಡನೆಯದನ್ನು ಲಾರಿಯ ಹಿಂಬದಿಗೆ ಬರೆದರೆ ಸಾಕು.

ಒಡಕು ಪೂರ್ತಿಯಾದದ್ದು ಸಾಲ್ಟ್‌ಪಾಂಡ್‌ನಲ್ಲೇ. ಪಂಚಾಯಿತಿಗೆ ಕೂತವರು ರಾಜಿ ಸೂತ್ರ ತಂದಿದ್ದರು: ಸಿಪಿಪಿ ವಿಸರ್ಜನೆಯಾಗಲಿ, ಎನ್‌ಕ್ರುಮಾ ಮತ್ತೆ ಕಾರ್ಯದರ್ಶಿಯಾಗಲಿ. ಹೊರಗೆ ನೆರೆದಿದ್ದ ಜನ ರಾಜೀನಾಮೆ ಕೊಡಿ ಎಂದು ಕೂಗಿದರು. ಎನ್‌ಕ್ರುಮಾ ಪೆನ್ನು, ಕಾಗದ ಕೇಳಿ ಪಡೆದು, ಪಕ್ಕದಲ್ಲಿದ್ದವರೊಬ್ಬರ ಬೆನ್ನಿನ ಮೇಲೆ ಕಾಗದ ಇಟ್ಟು ರಾಜೀನಾಮೆ ಬರೆದು ಜನರಿಗೇ ಓದಿ ಹೇಳಿದರು. ಇದನ್ನು ಆವೇಶದ ಗಳಿಗೆ ಎಂದು ಓದಬಾರದು. ಶಾಖೆಗಳಲ್ಲಿ ಹೆಚ್ಚಿನವು ಯಾವ ಕಡೆ ಬರುತ್ತವೆಂದು ಅವರಿಗೆ ಗೊತ್ತಿತ್ತು.

ಪಾಸಿಟಿವ್ ಆಕ್ಷನ್: ಸೋತ ಮುಷ್ಕರದ ಲಾಭ

ಕೂಸಿ ವರದಿ 1949ರ ಕೊನೆಯಲ್ಲಿ ಹೊರಬಂತು. ಪೂರ್ಣ ಸ್ವರಾಜ್ಯ ಅದರಲ್ಲಿರಲಿಲ್ಲ. ಸಿಪಿಪಿ ಅದನ್ನು ತಿರಸ್ಕರಿಸಿ 'ಪಾಸಿಟಿವ್ ಆಕ್ಷನ್' ಘೋಷಿಸುವ ಬೆದರಿಕೆ ಹಾಕಿತು: ಪತ್ರಿಕೆ, ಶಿಕ್ಷಣ, ಬಹಿಷ್ಕಾರ, ಕೊನೆಯ ಅಸ್ತ್ರವಾಗಿ ಅಹಿಂಸಾತ್ಮಕ ಸಾರ್ವತ್ರಿಕ ಮುಷ್ಕರ. ಗಾಂಧೀಜಿಯವರ ಸತ್ಯಾಗ್ರಹವೇ ಮಾದರಿ ಎಂಬುದನ್ನು ಎನ್‌ಕ್ರುಮಾ ಮುಚ್ಚಿಡಲಿಲ್ಲ. ಮಾತುಕತೆಗೆ ಕೂತ ವಸಾಹತು ಕಾರ್ಯದರ್ಶಿ ರೆಜಿನಾಲ್ಡ್ ಸ್ಯಾಲೋವೇ ಹಿಂದೆ ಭಾರತದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದವರು. ಭಾರತೀಯರು ಕಷ್ಟ ಸಹಿಸಬಲ್ಲರು, ನಿಮ್ಮ ಜನರಿಗೆ ಆ ತಾಳಿಕೆ ಇಲ್ಲ, ಮೂರು ದಿನದಲ್ಲಿ ನಿಮ್ಮನ್ನು ಕೈಬಿಡುತ್ತಾರೆ ಎಂಬರ್ಥದ ಮಾತು ಅವರಾಡಿದರೆಂದು ಎನ್‌ಕ್ರುಮಾ ದಾಖಲಿಸಿದ್ದಾರೆ.

ಹವಾಮಾನ ಇಲಾಖೆಯ ನೌಕರರನ್ನು ಕೆಲಸದಿಂದ ತೆಗೆದದ್ದಕ್ಕಾಗಿ ಕಾರ್ಮಿಕ ಸಂಘಗಳ ಒಕ್ಕೂಟ ಜನವರಿ ಮೊದಲ ವಾರದಲ್ಲಿ ಮುಷ್ಕರ ಹೂಡಿತು. 1950ರ ಜನವರಿ 8ರಂದು ಸಿಪಿಪಿಯೂ ಪಾಸಿಟಿವ್ ಆಕ್ಷನ್ ಸಾರಿತು. 11ರಂದು ಗವರ್ನರ್ ಚಾರ್ಲ್ಸ್ ಆರ್ಡೆನ್-ಕ್ಲಾರ್ಕ್ ತುರ್ತು ಪರಿಸ್ಥಿತಿ ಹೇರಿದರು. ಪತ್ರಿಕೆಗಳು ಮುಚ್ಚಿದವು, ನಾಯಕರು ಜೈಲಿಗೆ ಹೋದರು, 22ಕ್ಕೆ ಎನ್‌ಕ್ರುಮಾ ಕೂಡ. ಚಕಮಕಿಯಲ್ಲಿ ಇಬ್ಬರು ಪೊಲೀಸರು ಸತ್ತರು. ತಿಂಗಳು ಮುಗಿಯುವ ಮೊದಲೇ ಮುಷ್ಕರ ಮುರಿಯಿತು.

ಮುಷ್ಕರವೆಂಬ ಲೆಕ್ಕದಲ್ಲಿ ಇದು ಸೋಲು. ಸಂಘಗಳಿಗೆ ಮುಷ್ಕರ ನಿಧಿ ಇರಲಿಲ್ಲ. ಕೆಲಸ ಕಳೆದುಕೊಂಡ ಅನೇಕರನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಒಕ್ಕೂಟ ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಕಾರ್ಮಿಕರು ಹೊತ್ತ ನಷ್ಟದ ಲಾಭ ಪಕ್ಷಕ್ಕೆ ಸಂದಿತು ಎಂಬುದನ್ನು ಈ ಪಕ್ಷದ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಲಾಭವಂತೂ ನಿಜ. ಬಿಡುಗಡೆಯಾಗಿ ಬಂದವರು 'ಪಿ.ಜಿ.' ಎಂದು ಹೊಲಿದ ಟೋಪಿ ಹಾಕಿಕೊಂಡು ಓಡಾಡಿದರು. ಪ್ರಿಸನ್ ಗ್ರಾಜುಯೇಟ್, ಜೈಲಿನ ಪದವೀಧರರು! ಆಕ್ಸ್‌ಫರ್ಡ್, ಲಂಡನ್ ಪದವಿಗಳ ಎದುರು ಇದೊಂದು ಪದವಿ.

ಪಕ್ಷ ಕುಸಿಯದಿರಲು ಒಂದು ಆಕಸ್ಮಿಕವೂ ಕಾರಣ. ಗ್ಬೆಡೆಮಾ ಮುಷ್ಕರದ ಹೊತ್ತಿಗೆ ಪತ್ರಿಕಾ ಪ್ರಕರಣವೊಂದರಲ್ಲಿ ಮೊದಲೇ ಜೈಲಿನಲ್ಲಿದ್ದರು. ಹಾಗಾಗಿ ಪಾಸಿಟಿವ್ ಆಕ್ಷನ್ ಆರೋಪ ಅವರ ಮೇಲೆ ಬರಲಿಲ್ಲ. ಮಾರ್ಚ್‌ನಲ್ಲಿ ಹೊರಬಂದು ಪಕ್ಷದ ಕೀಲಿ ಹಿಡಿದರು. ಏಪ್ರಿಲ್‌ನಲ್ಲಿ ಅಕ್ರಾ ನಗರಸಭೆಯ ಏಳೂ ಸ್ಥಾನ ಸಿಪಿಪಿಗೆ. ಒಳಗಿದ್ದ ಎನ್‌ಕ್ರುಮಾ ಪೆನ್ಸಿಲ್ ಚೂರಿನಿಂದ ಶೌಚದ ಕಾಗದದ ಮೇಲೆ ಸೂಚನೆಗಳನ್ನು ಬರೆದು ಕಳಿಸುತ್ತಿದ್ದರು. ಕಾಗದ ಸಾಲದೆ ತಮ್ಮ ಪಾಲಿನ ಊಟ ಕೊಟ್ಟು ಸಹಕೈದಿಗಳ ಕಾಗದ ಪಡೆಯುತ್ತಿದ್ದರಂತೆ.

ಚುನಾವಣೆಯ ಗಣಿತ

ತಿರಸ್ಕರಿಸಿದ ಸಂವಿಧಾನದಡಿಯೇ ಸ್ಪರ್ಧಿಸಬೇಕೆ? ಒಳಗಿದ್ದೇ ಒಡೆಯಬೇಕು ಎಂದು ಪಕ್ಷ ತೀರ್ಮಾನಿಸಿತು. ಹೊಸ ಸಭೆಯಲ್ಲಿ 84 ಸ್ಥಾನ. ಮೂವರು ಪದನಿಮಿತ್ತ ಅಧಿಕಾರಿಗಳು, ವಾಣಿಜ್ಯ ಮತ್ತು ಗಣಿ ಸಂಸ್ಥೆಗಳಿಂದ ಆರು. ಉಳಿದ 75ರಲ್ಲಿ 37 ಚೀಫ್‌ಗಳ ಪರಿಷತ್ತು ಮತ್ತು ಉತ್ತರದ ಪರಿಷತ್ತಿನ ಪಾಲು. ಜನರ ಮತಕ್ಕೆ ಬಿಟ್ಟದ್ದು 38: ಪಟ್ಟಣಗಳ ನೇರ ಚುನಾವಣೆಗೆ 5 (ಅಕ್ರಾಕ್ಕೆ ಎರಡು, ಕುಮಾಸಿ, ಕೇಪ್ ಕೋಸ್ಟ್, ಸೆಕೊಂಡಿ-ಟಕೊರಾಡಿಗೆ ಒಂದೊಂದು), ಗ್ರಾಮಾಂತರಕ್ಕೆ 33.

ಗ್ರಾಮಾಂತರದ್ದು ಎರಡು ಹಂತ. ಮೊದಲು ಊರವರು ಮತದಾರ ಪ್ರತಿನಿಧಿಗಳನ್ನು ಆರಿಸಬೇಕು. ಅವರು ಕೂಡಿ ಸಭೆಯ ಸದಸ್ಯನನ್ನು ಆರಿಸಬೇಕು. ಇದನ್ನು ಯೋಜಿಸಿದವರ ಎಣಿಕೆ ಸರಳ: ಮೊದಲ ಹಂತದಲ್ಲಿ ಊರ ಹಿರಿಯರು ಬರುತ್ತಾರೆ, ಹಿರಿಯರು ಗಣ್ಯರನ್ನೇ ಆರಿಸುತ್ತಾರೆ. ಯುಜಿಸಿಸಿ ಕೂಡ ಎರಡನೇ ಹಂತದ ಮೇಲೆಯೇ ಕಣ್ಣಿಟ್ಟಿತು. ಸಿಪಿಪಿ ಮೊದಲ ಹಂತಕ್ಕೇ ತನ್ನವರನ್ನು ನಿಲ್ಲಿಸಿತು. ಆ ಹಂತದಲ್ಲಿ ಗೆದ್ದಮೇಲೆ ಎರಡನೆಯದು ಬರೀ ಲೆಕ್ಕ ಒಪ್ಪಿಸುವ ಕೆಲಸ. ಇದಕ್ಕೂ ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಿತ್ತು. ಜನ ತಾವಾಗಿ ಬರುವುದಿಲ್ಲ, ತೆರಿಗೆ ಹಾಕಲು ಹೆಸರು ಬರೆದುಕೊಳ್ಳುತ್ತಾರೆಂಬ ಭಯ. ಆ ಭಯ ಬಿಡಿಸಿ ಕರೆತರಲು ಊರಲ್ಲೇ ಇರುವ ಕಾರ್ಯಕರ್ತ ಬೇಕು, ಅಂಥವನು ಇದ್ದದ್ದು ಸಿಪಿಪಿಗೆ ಮಾತ್ರ.

ಎನ್‌ಕ್ರುಮಾ ಅವರ ನಾಮಪತ್ರ ಇನ್ನೊಂದು ಸೂಕ್ಷ್ಮ. ಒಂದು ವರ್ಷ ಮೀರಿದ ಶಿಕ್ಷೆಯಾದವರಿಗೆ ಸ್ಪರ್ಧೆಗೆ ಅವಕಾಶವಿರಲಿಲ್ಲ. ಅವರಿಗಿದ್ದದ್ದು ಒಟ್ಟು ಮೂರು ವರ್ಷ. ಆದರೆ ಅದು ಬೇರೆ ಬೇರೆ ಪ್ರಕರಣಗಳ, ಒಂದೊಂದೂ ಒಂದು ವರ್ಷ ಮೀರದ ಶಿಕ್ಷೆಗಳ ಮೊತ್ತ. ಕಾನೂನಿನ ಅಕ್ಷರ ಹಿಡಿದು ನೋಡಿದರೆ ಅವರು ಅರ್ಹರು. ಜೈಲಿನಿಂದಲೇ ಪಟ್ಟಿಗೆ ಹೆಸರು ಸೇರಿಸಿ ಅಕ್ರಾ ಕ್ಷೇತ್ರಕ್ಕೆ ನಿಂತರು.

38ರಲ್ಲಿ 34 ಸ್ಥಾನ ಸಿಪಿಪಿಗೆ ಬಂತು. ಇಲ್ಲೊಂದು ಮಾತನ್ನು ಅನೇಕರು ಮರೆಯುತ್ತಾರೆ: 84ರ ಸಭೆಯಲ್ಲಿ 34 ಬಹುಮತವಲ್ಲ. ಚೀಫ್‌ಗಳ ಪರಿಷತ್ತಿನವರನ್ನೂ ಉತ್ತರದವರನ್ನೂ ಕೂಡಿಸಿ ಬೇರೆ ಸರ್ಕಾರ ಮಾಡಲು ಗವರ್ನರರಿಗೆ ಕಾಗದದ ಮೇಲೆ ದಾರಿ ಇತ್ತು. ಆರ್ಡೆನ್-ಕ್ಲಾರ್ಕ್ ಆ ದಾರಿ ಹಿಡಿಯಲಿಲ್ಲ. ಜನ ಆರಿಸಿದ ಸ್ಥಾನಗಳಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಕಡೆ ಬಿದ್ದಮೇಲೆ, ಹಾಗೆ ಕಟ್ಟಿದ ಸರ್ಕಾರವನ್ನು ಉಳಿಸಿಕೊಳ್ಳಲು ಇನ್ನೊಂದು ತುರ್ತು ಪರಿಸ್ಥಿತಿ ಬೇಕಾಗುತ್ತಿತ್ತು. ಫೆಬ್ರವರಿ 12ರಂದು ಎನ್‌ಕ್ರುಮಾ ಬಿಡುಗಡೆಯಾದರು; ಮರುದಿನವೇ ಗವರ್ನರ್ ಕರೆಸಿ ಸರ್ಕಾರ ರಚಿಸಲು ಕೇಳಿದರು. ರಕ್ಷಣೆ, ವಿದೇಶ ವ್ಯವಹಾರ, ಹಣಕಾಸು, ನ್ಯಾಯ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲೇ ಉಳಿದವು. 1952ರಲ್ಲಿ ಎನ್‌ಕ್ರುಮಾ ಪ್ರಧಾನಿಯಾದರು.

ಗೆದ್ದ ಮೇಲೆ ಬಿರುಕು ಬಿಟ್ಟದ್ದೆಲ್ಲಿ

ಮೊದಲ ಇಕ್ಕಟ್ಟು ಕೋಕೋ ಮರದ್ದೇ. ಕಡಿಯುವುದನ್ನು ವಿರೋಧಿಸಿ ಮತ ಪಡೆದವರಿಗೆ ರೋಗ ಹರಡುತ್ತಿರುವುದು ಕುರ್ಚಿಯಲ್ಲಿ ಕೂತಮೇಲೆ ಕಂಡಿತು. ಕಡ್ಡಾಯ ಕಡಿತ ನಿಲ್ಲಿಸಿದರು, ಮನವೊಲಿಕೆ ನೋಡಿದರು, ಪರಿಹಾರ ಹೆಚ್ಚಿಸಿದರು, ಕೊನೆಗೆ ಮತ್ತೆ ಕಡಿಸಿದರು.

ಎರಡನೆಯದು ಟಿಕೆಟ್ಟಿನದು. ಪಕ್ಷದ ಕೇಂದ್ರ ಸಮಿತಿಯನ್ನು ಶಾಖೆಗಳು ಆರಿಸಿರಲಿಲ್ಲ, ಮೇಲಿನಿಂದಲೇ ನೇಮಕ. ಹೋರಾಟದ ದಿನಗಳಲ್ಲಿ ತೀರ್ಮಾನ ಬೇಗ ಆಗಲು ಅದು ಅನುಕೂಲವಾಗಿತ್ತು. 1954ರಲ್ಲಿ ನೇರ ಚುನಾವಣೆಯ 104 ಸ್ಥಾನಗಳಿಗೆ ಅಭ್ಯರ್ಥಿ ಆರಿಸುವಾಗ ಅದೇ ಕೊರಳಿಗೆ ಬಂತು. ಊರ ಶಾಖೆ ಕಟ್ಟಿದವನನ್ನು ಬಿಟ್ಟು ಅಕ್ರಾ ಇನ್ನೊಬ್ಬನ ಹೆಸರು ಕಳಿಸಿತು. ಬಂಡೆದ್ದು ಪಕ್ಷೇತರರಾಗಿ ನಿಂತ 81 ಮಂದಿಯನ್ನು ಉಚ್ಚಾಟಿಸಿದರು. ಆ ಚುನಾವಣೆಯಲ್ಲಿ ಪಕ್ಷ 70ಕ್ಕೂ ಹೆಚ್ಚು ಸ್ಥಾನ ಗೆದ್ದಿತಾದರೂ ಹೊರಬಿದ್ದವರು ಊರಲ್ಲೇ ಉಳಿದರು, ಸಂಘಟನೆ ಕಟ್ಟುವ ಕಲೆ ಅವರಿಗೂ ಗೊತ್ತಿತ್ತು.

ಅವರಿಗೆ ವಿಷಯ ಒದಗಿಸಿದ್ದು ಸರ್ಕಾರವೇ. 1954ರ ಆಗಸ್ಟ್‌ನಲ್ಲಿ ಕೋಕೋದ ಖರೀದಿ ಬೆಲೆಯನ್ನು 60 ಪೌಂಡ್ ತೂಕದ ಹೊರೆಗೆ 72 ಶಿಲ್ಲಿಂಗ್ ಎಂದು ನಿಲ್ಲಿಸಿದರು. ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ನಡುವಿನ ಹಣ ದೇಶದ ಅಭಿವೃದ್ಧಿಗೆ ಎಂದರು. ಅಶಾಂತಿ ಬೆಳೆಗಾರರಿಗೆ ಅದು ತಮ್ಮ ಹಣದಲ್ಲಿ ಕರಾವಳಿಯವರ ಮೆರವಣಿಗೆ ಎಂದು ಕಂಡಿತು. ಸೆಪ್ಟೆಂಬರ್‌ನಲ್ಲಿ ಕುಮಾಸಿಯಲ್ಲಿ ಬಾಫೂರ್ ಒಸೆಯ್ ಅಕೋಟೊ ಅವರ ನಾಯಕತ್ವದಲ್ಲಿ ನ್ಯಾಷನಲ್ ಲಿಬರೇಷನ್ ಮೂವ್‌ಮೆಂಟ್ ಹುಟ್ಟಿತು. ಚೀಫ್‌ಗಳು, ಬೆಳೆಗಾರರು, ಸಿಪಿಪಿ ಬಿಟ್ಟ ಯುವಕರು ಒಂದೇ ವೇದಿಕೆಗೆ ಬಂದರು, ಒಕ್ಕೂಟ ವ್ಯವಸ್ಥೆ ಕೇಳಿದರು. ಎರಡು ವರ್ಷ ಕುಮಾಸಿಯ ಬೀದಿಗಳಲ್ಲಿ ಹೊಡೆದಾಟ, ಮನೆಗಳಿಗೆ ಬಾಂಬ್. ಲಂಡನ್ ಸ್ವಾತಂತ್ರ್ಯದ ದಿನಾಂಕ ಕೊಡುವ ಮೊದಲು ಇನ್ನೊಂದು ಚುನಾವಣೆ ಕೇಳಿತು. 1956ರ ಜುಲೈನಲ್ಲಿ ಸಿಪಿಪಿ 104ರಲ್ಲಿ 71 ಸ್ಥಾನ, ಶೇ. 57ರಷ್ಟು ಮತ ಪಡೆಯಿತು. ಅಶಾಂತಿಯಲ್ಲೂ ಉತ್ತರದಲ್ಲೂ ಹೆಚ್ಚಿನ ಸ್ಥಾನ ಎದುರಾಳಿಗಳದಾಯಿತು. 1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂತು. ಪ್ರದೇಶ, ಧರ್ಮ, ಬುಡಕಟ್ಟಿನ ಆಧಾರದ ಪಕ್ಷಗಳನ್ನು ನಿಷೇಧಿಸುವ ಕಾನೂನು ಅದೇ ವರ್ಷದ ಡಿಸೆಂಬರಿನಲ್ಲಿ ಬಂತು.